ಗಂಟು ಕುತ್ತಿಗೆಯಲ್ಲಿತ್ತು, ಮೂಲ ಎಲ್ಲಿ? ಅಪ್ಪಯ್ಯನ ಪೆಟ್ ಸ್ಕ್ಯಾನ್ ಅನುಭವ

ಅಪ್ಪಯ್ಯನ ರೇಡಿಯೇಶನ್ ಮುಗಿದಿದೆ. ಅದಾದ ಮೇಲೆ ಮಾಡಿಸಿದ ಎರಡನೇ ಪೆಟ್ ಸ್ಕ್ಯಾನಿನ (ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿದೆ ಅಂತ ಹುಡುಕುವ ಸ್ಕ್ಯಾನ್) ವರದಿ ಹೋದ ವಾರ ಕೈಗೆ ಬಂತು. ಈಗ ಕೂತು ಬರೆಯುವಷ್ಟು ಮನಸ್ಸು ಹದಕ್ಕೆ ಬಂದಿದೆ. "ಕ್ಯಾನ್ಸರ್ ಇದೆ, ಆದರೆ ಎಲ್ಲಿ ಶುರುವಾಯಿತು ಅಂತ ಗೊತ್ತಿಲ್ಲ" ಎಂಬ ಮಾತು ಕೇಳಿಸಿಕೊಂಡ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಮಗೆ ಆಗ ಯಾರೂ ಹೇಳದ ಸಂಗತಿಗಳು ನಿಮಗಾದರೂ ಮೊದಲೇ ತಿಳಿಯಲಿ. ನಾನು ಡಾಕ್ಟರ್ ಅಲ್ಲ, ಸಾಗರದ ಹತ್ತಿರ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಇಲ್ಲಿರುವುದು ನಾವು ಕಂಡಿದ್ದು, ಡಾಕ್ಟರುಗಳನ್ನು ಕೇಳಿ ಕೇಳಿ ಅರ್ಥ ಮಾಡಿಕೊಂಡಿದ್ದು. ಮಾತ್ರೆ, ಇಂಜೆಕ್ಷನ್ ವಿಷಯಕ್ಕೆ ನಿಮ್ಮ ಡಾಕ್ಟರ್ ಹೇಳಿದಂತೆಯೇ ನಡೆಯಿರಿ.

ಅಪ್ಪಯ್ಯನಿಗೆ 64 ವರ್ಷ. ಅಡಿಕೆ ತೋಟ, ಸ್ವಲ್ಪ ಗದ್ದೆ. ಚಿಕ್ಕಂದಿನಿಂದ ಎಲೆ ಅಡಿಕೆ, ಜೊತೆಗೆ ಹೊಗೆಸೊಪ್ಪು. ಸಕ್ಕರೆ ಕಾಯಿಲೆ ಹತ್ತಾರು ವರ್ಷದಿಂದ ಇದೆ. ಕೊಯ್ಲಿನ ಹೊತ್ತಿಗೆ ಎಡಗಡೆ ಕುತ್ತಿಗೆಯಲ್ಲಿ, ದವಡೆಯ ಕೆಳಗೆ ಒಂದು ಗಂಟು ಕಾಣಿಸಿತು. ನೋವಿರಲಿಲ್ಲ. "ಎಂತ ಮಾರಾಯ್ತಿ, ನೋವೇ ಇಲ್ಲ, ಸುಮ್ನೆ ಎಂತಕ್ಕೆ ಡಾಕ್ಟ್ರು" ಅಂತ ಮುಂದೂಡುತ್ತಾ ಬಂದರು. ಊರಿನ ಡಾಕ್ಟರ್ ಒಂದು ಕೋರ್ಸ್ ಆಂಟಿಬಯಾಟಿಕ್ ಕೊಟ್ಟರು. ಗಂಟು ಇಳಿಯಲಿಲ್ಲ, ಇನ್ನಷ್ಟು ಗಟ್ಟಿಯಾಯಿತು. ಆಮೇಲೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಿದೆವು. ಅದಕ್ಕೆ ಎಫ್‌ಎನ್‌ಎಸಿ ಅನ್ನುತ್ತಾರೆ.

ವರದಿಯಲ್ಲಿ ಇದ್ದಿದ್ದು "ಮೆಟಾಸ್ಟ್ಯಾಟಿಕ್ ಸ್ಕ್ವಾಮಸ್ ಸೆಲ್ ಕಾರ್ಸಿನೋಮ". ಕಾರ್ಸಿನೋಮ ಅಂದರೆ ಕ್ಯಾನ್ಸರ್ ಅನ್ನುವುದು ನನಗೆ ಗೊತ್ತಿತ್ತು. ಸ್ಕ್ವಾಮಸ್ ಸೆಲ್ ಅಂದರೆ ಬಾಯಿ, ಗಂಟಲಿನ ಒಳಪದರದಂಥ ಕಡೆ ಇರುವ ಚಪ್ಪಟೆ ಕಣ. ಮೆಟಾಸ್ಟ್ಯಾಟಿಕ್ ಅನ್ನುವ ಪದದ ಭಾರ ಗೊತ್ತಾಗಿದ್ದು ಇಎನ್‌ಟಿ ಡಾಕ್ಟರ್ ಬಿಡಿಸಿ ಹೇಳಿದಾಗ. ಈ ಗಂಟು ಕ್ಯಾನ್ಸರ್ ಹುಟ್ಟಿದ ಜಾಗ ಅಲ್ಲ, ಬೇರೆಲ್ಲೋ ಹುಟ್ಟಿ ಇಲ್ಲಿಗೆ ಬಂದಿದೆ. "ಬೀಜ ಬಿದ್ದ ಜಾಗ ಸಿಕ್ಕಿದೆ ಮೇಡಂ, ಮರ ಎಲ್ಲಿದೆ ಅಂತ ಹುಡುಕಬೇಕು" ಅಂದರು. ಬಾಯಿ, ನಾಲಿಗೆಯ ಬುಡ, ಟಾನ್ಸಿಲ್, ಮೂಗಿನ ಹಿಂಭಾಗ, ಗಂಟಲು ಎಲ್ಲ ನೋಡಿದರು. ಮೂಗಿನಿಂದ ತೆಳ್ಳಗಿನ ಸ್ಕೋಪ್ ಇಳಿಸಿಯೂ ನೋಡಿದರು. ಏನೂ ಕಾಣಲಿಲ್ಲ. ಕುತ್ತಿಗೆಯ ಸಿಟಿ ಸ್ಕ್ಯಾನ್ ಆಯಿತು. ಅದರಲ್ಲೂ ಗಂಟು ಮಾತ್ರ ಕಂಡಿತು, ಮೂಲ ಕಾಣಲಿಲ್ಲ.

ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ. ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಚಿಕಿತ್ಸೆ ಶುರುವಾಗಬೇಕು ಅಲ್ವಾ? ಇಲ್ಲಿ ಶುರು ಮಾಡುವ ಹಾಗೇ ಇಲ್ಲ. ಅಮ್ಮ ದಿನಾ ಬೆಳಿಗ್ಗೆ ಆ ಗಂಟನ್ನು ಮುಟ್ಟಿ ನೋಡುತ್ತಿದ್ದರು. ನೆಂಟರು ಫೋನ್ ಮಾಡಿ "ಯಾವ ಕ್ಯಾನ್ಸರ್?" ಅಂತ ಕೇಳಿದರೆ ಉತ್ತರವೇ ಇರಲಿಲ್ಲ. "ಡಾಕ್ಟ್ರಿಗೇ ಗೊತ್ತಿಲ್ಲ ಅಂದ್ರೆ ಎಂತ" ಅಂತ ಕೆಲವರು ನಾಟಿ ಔಷಧಿಯ ದಾರಿ ತೋರಿಸಿದರು. ಡಾಕ್ಟರಿಗೆ ಗೊತ್ತಾಗದೆ ಇರುವುದು ಅವರ ಅಸಡ್ಡೆ ಅಲ್ಲ. ಮೂಲ ಸಿಗದ ಕ್ಯಾನ್ಸರ್ ಎಂಬುದೇ ಒಂದು ಗುಂಪು. ಎಲ್ಲ ಕ್ಯಾನ್ಸರುಗಳಲ್ಲಿ ನೂರಕ್ಕೆ 3ರಿಂದ 5 ಇಂಥವು ಅನ್ನುತ್ತಾರೆ. ಹುಟ್ಟಿದ ಜಾಗದಲ್ಲಿ ಅದು ತೀರಾ ಸಣ್ಣದಾಗಿರಬಹುದು, ಮಡಿಕೆಯೊಳಗೆ ಅಡಗಿರಬಹುದು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಾವು ತೋರಿಸಿದ ಒಂದು ಕಡೆ, "ಗಂಟನ್ನು ತೆಗೆದುಬಿಡೋಣ, ಸಣ್ಣ ಆಪರೇಶನ್" ಅಂದರು. ಅಪ್ಪಯ್ಯ ಒಪ್ಪಿಯೂ ಬಿಟ್ಟಿದ್ದರು. ಯಾಕೋ ತಮ್ಮ ತಡೆದ. ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅಲ್ಲಿ ಕ್ಯಾನ್ಸರ್ ಸರ್ಜನ್ ಒಬ್ಬರನ್ನು ಕೇಳಿದ. ಅವರು ಹೇಳಿದ್ದು ಸ್ಪಷ್ಟವಾಗಿತ್ತು. ಮೂಲ ಹುಡುಕುವ ಮೊದಲು ಕುತ್ತಿಗೆಯ ಗಂಟನ್ನು ಕೊಯ್ದು ತೆಗೆಯಬಾರದು. ಆಮೇಲಿನ ಆಪರೇಶನ್, ರೇಡಿಯೇಶನ್ ಎರಡಕ್ಕೂ ಅದು ತೊಡಕು. ಜಾಸ್ತಿ ತುಣುಕು ಬೇಕಾದರೆ ದಪ್ಪ ಸೂಜಿಯ ಬಯಾಪ್ಸಿ ಸಾಕು, ಅದಕ್ಕೆ ಟ್ರೂಕಟ್ ಅನ್ನುತ್ತಾರೆ. ನಮಗೂ ಅದನ್ನೇ ಮಾಡಿಸಿದರು. ಆ ತುಣುಕನ್ನು ಮೇಣದಲ್ಲಿ ಕೂರಿಸಿ ಇಡುತ್ತಾರೆ, ಅದೇ ಬ್ಲಾಕ್. ಅದರ ಮೇಲೆ ಪಿ16 ಅನ್ನುವ ಪರೀಕ್ಷೆ ಮಾಡಿದರು. ಅದು ಪಾಸಿಟಿವ್ ಬಂದರೆ ಎಚ್‌ಪಿವಿ ವೈರಸ್ಸಿನ ಸಂಬಂಧ ಇರುವ ಸಾಧ್ಯತೆ ಜಾಸ್ತಿ, ಆಗ ಟಾನ್ಸಿಲ್ ಅಥವಾ ನಾಲಿಗೆಯ ಬುಡದ ಕಡೆ ಬೊಟ್ಟು ತೋರಿಸುತ್ತದೆ. ಅಪ್ಪಯ್ಯನದು ನೆಗೆಟಿವ್.

ಲ್ಯಾಬಿನಿಂದ ವರದಿ ಮಾತ್ರ ತಂದು ಸುಮ್ಮನಾಗಬೇಡಿ. ಬ್ಲಾಕ್ ಮತ್ತು ಸ್ಲೈಡ್ ಎರಡನ್ನೂ ಬರೆದು ಕೇಳಿ ತೆಗೆದುಕೊಳ್ಳಿ. ದೊಡ್ಡ ಆಸ್ಪತ್ರೆಗೆ ಹೋದಾಗ ಅಲ್ಲಿಯ ಪೆಥಾಲಜಿಯವರು ಮತ್ತೆ ತಾವೇ ನೋಡುತ್ತಾರೆ. ಅದು ಇಲ್ಲದಿದ್ದರೆ ಹೊಸದಾಗಿ ಬಯಾಪ್ಸಿ, ಹೊಸದಾಗಿ ಕಾಯುವುದು.

ಬೆಂಗಳೂರಿನ ಸರ್ಜನ್ ಮುಂದಿನ ಹೆಜ್ಜೆ ಹೇಳಿದರು. ಮೊದಲು ಪೆಟ್-ಸಿಟಿ, ಆಮೇಲೆ ಅರಿವಳಿಕೆ ಕೊಟ್ಟು ಗಂಟಲೆಲ್ಲ ನೋಡಿ ಅನುಮಾನ ಬಂದ ಕಡೆ ಬಯಾಪ್ಸಿ. "ಮೊದಲು ಗಂಟಲಿನ ಬಯಾಪ್ಸಿ ಮಾಡಿ ಆಮೇಲೆ ಸ್ಕ್ಯಾನ್ ಮಾಡಿದರೆ ಏನು?" ಅಂತ ಕೇಳಿದೆ. ಬಯಾಪ್ಸಿ ತೆಗೆದ ಗಾಯವೂ ಸ್ಕ್ಯಾನಿನಲ್ಲಿ ಹೊಳೆಯುತ್ತದೆ, ಆಗ ಯಾವುದು ಗಾಯ ಯಾವುದು ಕ್ಯಾನ್ಸರ್ ಅಂತ ಗೊತ್ತಾಗುವುದಿಲ್ಲ ಅಂದರು. ಈ ಕ್ರಮ ತಪ್ಪಿದರೆ ಅಷ್ಟು ಹಣ ಕೊಟ್ಟು ಮಾಡಿಸಿದ ಸ್ಕ್ಯಾನ್ ಗೊಂದಲ ಹೆಚ್ಚಿಸುತ್ತದೆ.

ಹೊಳೆಯುವುದು ಅಂದರೆ ಏನು ಅನ್ನುವುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕ್ಯಾನ್ಸರ್ ಕಣಗಳು ಬೇರೆ ಕಣಗಳಿಗಿಂತ ಜಾಸ್ತಿ ಸಕ್ಕರೆ ಬಳಸುತ್ತವೆ. ಜರ್ಮನಿಯ ವಿಜ್ಞಾನಿ ಓಟೊ ವಾರ್ಬರ್ಗ್ 1920ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಪೆಟ್ ಸ್ಕ್ಯಾನಿನಲ್ಲಿ ಗ್ಲೂಕೋಸಿನಂಥದೇ ಒಂದು ವಸ್ತುವಿಗೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿ ರಕ್ತಕ್ಕೆ ಬಿಡುತ್ತಾರೆ. ಅದರ ಹೆಸರು ಎಫ್‌ಡಿಜಿ. ಸಕ್ಕರೆ ಅಂತ ತಿಳಿದು ಕಣಗಳು ಅದನ್ನು ಒಳಗೆ ಎಳೆದುಕೊಳ್ಳುತ್ತವೆ, ಆದರೆ ಕರಗಿಸಲು ಆಗುವುದಿಲ್ಲ. ಅದು ಅಲ್ಲೇ ಉಳಿಯುತ್ತದೆ. ಯಂತ್ರ ಆ ಜಾಗಗಳನ್ನು ಹಿಡಿಯುತ್ತದೆ. ಸಿಟಿ ಆಕಾರ ತೋರಿಸುತ್ತದೆ, ಪೆಟ್ ಕೆಲಸ ತೋರಿಸುತ್ತದೆ. ಎರಡನ್ನೂ ಒಂದರ ಮೇಲೊಂದು ಕೂರಿಸಿ ನೋಡುತ್ತಾರೆ. ಹೀಗಾಗಿ ಆಕಾರದಲ್ಲಿ ಏನೂ ವ್ಯತ್ಯಾಸ ಕಾಣದ ಸಣ್ಣ ಜಾಗವೂ ಸಿಕ್ಕಿಬೀಳಬಹುದು. ಸಿಕ್ಕೇ ಸಿಗುತ್ತದೆ ಅಂತಿಲ್ಲ. ಸುಮಾರು ಮೂರರಲ್ಲಿ ಒಬ್ಬರಿಗೆ ಮೂಲ ಸಿಗುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಹಾಗೆ ಹೇಳಿದ್ದು ಒಳ್ಳೆಯದಾಯಿತು. ಸಿಗದಿದ್ದರೂ ಚಿಕಿತ್ಸೆ ಇದೆ, ಅದೂ ಗುಣವಾಗಲಿ ಅಂತಲೇ ಕೊಡುವ ಚಿಕಿತ್ಸೆ ಅಂತಲೂ ಹೇಳಿದರು.

ಖರ್ಚಿನ ಮಾತು. ಬೆಂಗಳೂರಿನಲ್ಲಿ ನಾವು ವಿಚಾರಿಸಿದ ಕಡೆಗಳಲ್ಲಿ 12 ಸಾವಿರದಿಂದ 25 ಸಾವಿರದವರೆಗೆ ಹೇಳಿದರು. ನಾವು ಕೊಟ್ಟಿದ್ದು ಹದಿನೇಳು ಸಾವಿರದ ಚಿಲ್ಲರೆ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಕಾಣಲು ಕೊಡುವ ಇಂಜೆಕ್ಷನ್) ಸೇರಿ ಎಷ್ಟು, ಸಿಡಿಗೆ ಬೇರೆ ಹಣವಾ, ಫೋನಿನಲ್ಲೇ ಕೇಳಿ. ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಯಿತು. ನಮಗೆ ಪೆಟ್ ಸ್ಕ್ಯಾನಿನ ಹಣ ಕೈಯಿಂದಲೇ ಹೋಯಿತು, ರೇಡಿಯೇಶನ್ನಿಗೆ ಕಾರ್ಡ್ ನಡೆಯಿತು. ಯಾವುದಕ್ಕೆ ನಡೆಯುತ್ತದೆ, ಮೊದಲೇ ಮಂಜೂರಾತಿ ಬೇಕಾ ಅನ್ನುವುದನ್ನು ಹಣ ಕಟ್ಟುವ ಮುಂಚೆ ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕೇಳಿ. ಕಟ್ಟಿದ ಮೇಲೆ ಕೇಳಿದರೆ ಪ್ರಯೋಜನ ಕಡಿಮೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ದೊಡ್ಡ ರಿಯಾಯಿತಿ ಇದೆ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯಿಂದ ಸಹಿ ಮಾಡಿಸಿಕೊಳ್ಳಬೇಕು. ತಾಳಗುಪ್ಪದ ರಾತ್ರಿ ರೈಲಿಗೆ ನಾವು ಅದನ್ನೇ ಬಳಸಿದೆವು.

ಸ್ಕ್ಯಾನಿಗೆ ಕೇಳಿದ ಕಾಗದ ಇಷ್ಟು: ಡಾಕ್ಟರ ಚೀಟಿ, ಬಯಾಪ್ಸಿ ವರದಿ, ಹಳೆಯ ಸಿಟಿ ವರದಿ ಮತ್ತು ಅದರ ಸಿಡಿ, ಆಧಾರ್, ಹೊಸದಾಗಿ ಮಾಡಿಸಿದ ಕ್ರಿಯಾಟಿನಿನ್ ಪರೀಕ್ಷೆ. ಕ್ರಿಯಾಟಿನಿನ್ ಯಾಕೆಂದರೆ ಕಾಂಟ್ರಾಸ್ಟ್ ಕೊಡಲು ಕಿಡ್ನಿ ಸರಿಯಿರಬೇಕು. ನಮ್ಮ ಪಕ್ಕದಲ್ಲಿದ್ದ ಒಬ್ಬರು ಇದೊಂದಿಲ್ಲದೆ ಬೆಳಿಗ್ಗೆ ಏಳಕ್ಕೆ ತೆರೆದ ಲ್ಯಾಬ್ ಹುಡುಕಿ ಓಡಾಡಿದ್ದನ್ನು ನೋಡಿದೆ.

ಈಗ ಸಕ್ಕರೆಯ ಕಥೆ. ಸಕ್ಕರೆ ಕಾಯಿಲೆ ಇರುವವರ ಮನೆಯವರು ಇದನ್ನು ಬಿಡದೆ ಓದಿ. ಫೋನಿನಲ್ಲಿ ಸೆಂಟರಿನವರು ಹೇಳಿದ್ದು ಎರಡೇ: ಆರು ಗಂಟೆ ಕಾಲ ಏನೂ ತಿನ್ನಬಾರದು, ನೀರು ಮಾತ್ರ ಕುಡಿಯಬಹುದು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಎರಡು ದಿನ ಮೊದಲೇ ನಿಲ್ಲಿಸಬೇಕು. ಆ ಮಾತ್ರೆಯಿಂದ ಕರುಳು ಜಾಸ್ತಿ ಹೊಳೆಯುತ್ತದಂತೆ. ನಿಲ್ಲಿಸಿದ ಎರಡು ದಿನ ಅದರ ಬದಲು ಏನು ತೆಗೆದುಕೊಳ್ಳಬೇಕು ಅಂತ ಯಾರೂ ಹೇಳಲಿಲ್ಲ. ರಾತ್ರಿ ರೈಲು, ನಿದ್ದೆ ಇಲ್ಲ, ಮನಸ್ಸಿನಲ್ಲಿ ಭಯ. ಬೆಳಿಗ್ಗೆ ಬೆರಳು ಚುಚ್ಚಿ ನೋಡಿದರೆ 241. ಅಲ್ಲಿಯ ಮಿತಿ 200. "ಇವತ್ತು ಆಗಲ್ಲ, ಬೇರೆ ದಿನ ಬನ್ನಿ" ಅಂದರು.

ಇನ್ಸುಲಿನ್ ಕೊಟ್ಟು ಇಳಿಸಿ ಮಾಡಬಹುದಲ್ಲ ಅಂತ ತಮ್ಮ ವಾದಿಸಿದ. ಒಳಗಿನ ಡಾಕ್ಟರ್ ಹೊರಗೆ ಬಂದು ತಾಳ್ಮೆಯಿಂದ ವಿವರಿಸಿದರು. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಅದೇ ಎಫ್‌ಡಿಜಿಗೆ ಪೈಪೋಟಿ ಕೊಡುತ್ತದೆ, ಕ್ಯಾನ್ಸರ್ ಮಂಕಾಗಿ ಕಾಣುತ್ತದೆ. ಆಗ ಇನ್ಸುಲಿನ್ ಕೊಟ್ಟರೆ ಎಫ್‌ಡಿಜಿಯೆಲ್ಲ ಮಾಂಸಖಂಡಗಳಿಗೆ ಹೋಗಿ ಕೂರುತ್ತದೆ. ನಾವು ಹುಡುಕುತ್ತಿರುವುದು ಒಂದು ಸೆಂಟಿಮೀಟರಿನಷ್ಟು ಜಾಗವೂ ಆಗಿರಬಹುದು, ಮಂಕಾದ ಸ್ಕ್ಯಾನಿನಲ್ಲಿ ಅದು ತಪ್ಪಿಹೋದರೆ ಮತ್ತೆ ಹುಡುಕುವುದು ಹೇಗೆ ಅಂದರು. ಅವರು ಹೇಳಿದ್ದು ಸರಿ. ಆದರೆ ಈ ಮಾತು ಬುಕಿಂಗ್ ದಿನವೇ ಫೋನಿನಲ್ಲಿ ಸಿಗಬೇಕಿತ್ತು. ಅಪ್ಪಯ್ಯ ಹಸಿದ ಹೊಟ್ಟೆಯಲ್ಲಿ ಫುಟ್‌ಪಾತಿನ ಮೇಲೆ ನಿಂತು "ನನ್ನಿಂದ ಎಲ್ಲರಿಗೂ ತೊಂದ್ರೆ" ಅಂದಾಗ ನನಗೆ ಅಳು ತಡೆಯಲಿಲ್ಲ.

ಸಕ್ಕರೆಯ ಡಾಕ್ಟರನ್ನು ಅವತ್ತೇ ಕಂಡೆವು. ಆ ದಿನಗಳಿಗೆ ಬೇರೆ ಮಾತ್ರೆ, ರಾತ್ರಿಯ ಇನ್ಸುಲಿನ್ ಹೊಂದಿಸಿ ಕೊಟ್ಟರು. ಗ್ಲೂಕೋಮೀಟರ್ ಕೊಂಡು ಮನೆಯಲ್ಲೇ ನೋಡುತ್ತಾ ಹೋದೆವು. ಹಿಂದಿನ ರಾತ್ರಿ ಅನ್ನ ಬಿಟ್ಟು ಮೊಟ್ಟೆ, ಸೊಪ್ಪಿನ ಪಲ್ಯ. ತೋಟದ ಕೆಲಸ ಬಂದ್, ಯಾಕೆಂದರೆ ಹಿಂದಿನ ದಿನ ಮೈಮುರಿದು ಕೆಲಸ ಮಾಡಿದರೆ ಆ ಮಾಂಸಖಂಡಗಳೂ ಹೊಳೆಯುತ್ತವೆ. ಬೆಂಗಳೂರಿಗೆ ಒಂದು ದಿನ ಮುಂಚೆಯೇ ಹೋಗಿ ಮಲಗಿ ಎದ್ದೆವು. ಬೆಳಗಿನ ಮೊದಲ ಸ್ಲಾಟ್ ಕೇಳಿ ಹಾಕಿಸಿಕೊಂಡೆವು. ಈ ಸಲ 148 ಬಂತು. ನರ್ಸ್ ಮೀಟರ್ ತೋರಿಸಿದಾಗ ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿ ಅಪ್ಪಯ್ಯನಿಗೆ.

ಆದರೂ ಕಾಯುವುದು ತಪ್ಪಲಿಲ್ಲ. ಆ ಸೆಂಟರಿನಲ್ಲಿ ಸೈಕ್ಲೋಟ್ರಾನ್, ಅಂದರೆ ಫ್ಲೋರಿನ್-18 ತಯಾರಿಸುವ ಯಂತ್ರ, ಇರಲಿಲ್ಲ. ಎಫ್‌ಡಿಜಿ ಔಷಧಿ ತಯಾರಾಗುವುದು ಬೇರೆ ಕಡೆ, ಸೀಸದ ಡಬ್ಬಿಯಲ್ಲಿ ಬರುತ್ತದೆ. ಅವತ್ತು ತಡವಾಯಿತು. ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ, ಇನ್ನೊಂದು 110 ನಿಮಿಷಕ್ಕೆ ಕಾಲು. ತಂದು ಇಟ್ಟುಕೊಳ್ಳುವ ಹಾಗೇ ಇಲ್ಲ. ಹಾಗಾಗಿ ಕೊಟ್ಟ ಸಮಯವನ್ನು ಬಸ್ಸಿನ ಸಮಯದ ಹಾಗೆ ನಂಬಬೇಡಿ. ಅರ್ಧ ದಿನ ಬಿಡುವು ಇಟ್ಟುಕೊಂಡೇ ಹೋಗಿ.

ಒಳಗೆ ರೋಗಿಗೆ ಮಾತ್ರ ಪ್ರವೇಶ. ಫಾರ್ಮಿನಲ್ಲಿ ಹಳೆಯ ಕಾಯಿಲೆ, ಆಪರೇಶನ್, ಇತ್ತೀಚೆಗೆ ತೆಗೆದುಕೊಂಡ ಲಸಿಕೆ ಎಲ್ಲ ಕೇಳುತ್ತಾರೆ. ಅವಸರದಲ್ಲಿ "ಇಲ್ಲ, ಇಲ್ಲ" ಅಂತ ಗೀಚಬೇಡಿ. ಅಪ್ಪಯ್ಯನಿಗೆ ಮದುವೆಗೆ ಮುಂಚೆ ಟಿಬಿ ಆಗಿ ಮಾತ್ರೆ ನುಂಗಿದ್ದು ಅಮ್ಮನಿಗೆ ನೆನಪಿತ್ತು, ಬರೆಸಿದೆವು. ಆ ಒಂದು ಸಾಲು ಎಷ್ಟು ಕೆಲಸಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಕೈಗೆ ಸೂಜಿ ಕೂರಿಸಿ ಇಂಜೆಕ್ಷನ್ ಕೊಟ್ಟ ಮೇಲೆ ಸುಮಾರು ಒಂದು ಗಂಟೆ ಮಂದ ಬೆಳಕಿನ ಕೋಣೆಯಲ್ಲಿ ಅಲುಗಾಡದೆ ಇರಬೇಕು. ಮಾತಿಲ್ಲ, ಫೋನಿಲ್ಲ, ಏನೂ ಜಗಿಯುವ ಹಾಗಿಲ್ಲ. ಮಾತಾಡಿದರೆ ಗಂಟಲಿನ ಮಾಂಸಖಂಡ ಕೆಲಸ ಮಾಡಿ ಅಲ್ಲೇ ಔಷಧಿ ಎಳೆದುಕೊಳ್ಳುತ್ತದೆ. ಗಂಟಲಿನಲ್ಲೇ ಮೂಲ ಹುಡುಕುವಾಗ ಇದು ಎಷ್ಟು ಮುಖ್ಯ ನೋಡಿ. ಅಪ್ಪಯ್ಯ ಮಾತುಗಾರರು, ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತರ ಜೊತೆಗೂ ಅಡಿಕೆ ರೇಟು ಮಾತಾಡುವವರು. "ಒಂದ್ ಗಂಟೆ ಬಾಯಿ ಮುಚ್ಚಿ ಕೂರ್ಬೇಕು" ಅಂತ ಅಮ್ಮ ಮಗುವಿಗೆ ಹೇಳುವ ಹಾಗೆ ಹೇಳಿ ಕಳಿಸಿದರು. ಚಳಿ ಆಗಬಾರದು ಅಂತ ಕಂಬಳಿ ಕೊಡುತ್ತಾರೆ. ಚಳಿಗೆ ಕುತ್ತಿಗೆಯ ಸುತ್ತಲಿನ ಒಂದು ಬಗೆಯ ಕೊಬ್ಬು ಬಿಸಿ ಹುಟ್ಟಿಸಲು ಶುರು ಮಾಡುತ್ತದೆ, ಅದೂ ಹೊಳೆಯುತ್ತದೆ. ನಿಮ್ಮದೇ ಸ್ವೆಟರ್ ಒಯ್ದರೆ ಒಳ್ಳೆಯದು, ಜಿಪ್ ಅಥವಾ ಲೋಹದ ಗುಂಡಿ ಇಲ್ಲದ್ದು. ಸ್ಕ್ಯಾನಿಗೆ ಮುಂಚೆ ಮೂತ್ರ ಮಾಡಿ ಬರಲು ಹೇಳುತ್ತಾರೆ. ಯಂತ್ರದೊಳಗೆ ಮಲಗಿದ್ದು ಅರ್ಧ ಗಂಟೆಯೊಳಗೆ. ಸಿಟಿ ಯಂತ್ರದ ಹಾಗೇ ಇರುತ್ತದೆ, ನೋವೇನಿಲ್ಲ.

ನಾವು ಮೊದಲೇ ಯೋಚಿಸದ ಒಂದು ತೊಡಕು ಹೊರಗೆ ಬಂದ ಮೇಲೆ ಎದುರಾಯಿತು. ಅವತ್ತು ಪೂರ್ತಿ ಗರ್ಭಿಣಿಯರು, ಚಿಕ್ಕ ಮಕ್ಕಳಿಂದ ದೂರ ಇರಬೇಕು ಅಂದರು. ತಮ್ಮನ ಹೆಂಡತಿ ಏಳು ತಿಂಗಳ ಬಸುರಿ. ನಾವು ಹೋಗಬೇಕಿದ್ದುದು ಅವರ ಮನೆಗೇ. ಅಪ್ಪಯ್ಯ ಒಂದು ಕ್ಷಣವೂ ಯೋಚಿಸದೆ "ನಾ ಆ ಕಡೆ ಬರೂದಿಲ್ಲ" ಅಂದರು. ನಾನು, ಅವರು ಹತ್ತಿರದ ಲಾಡ್ಜಿನಲ್ಲಿ ಉಳಿದೆವು. ಚೆನ್ನಾಗಿ ನೀರು ಕುಡಿಯಬೇಕು, ಶೌಚಾಲಯದಲ್ಲಿ ಎರಡು ಸಲ ನೀರು ಬಿಡಬೇಕು, ಕೈ ಸರಿಯಾಗಿ ತೊಳೆಯಬೇಕು. ಮಾರನೇ ದಿನದ ಹೊತ್ತಿಗೆ ಭಯವಿಲ್ಲ. ನಿಮ್ಮ ಮನೆಯಲ್ಲಿ ಬಾಣಂತಿ, ಮಗು, ಬಸುರಿ ಇದ್ದರೆ ಉಳಿಯುವ ಜಾಗ ಮೊದಲೇ ನೋಡಿಕೊಳ್ಳಿ.

ವರದಿ ಮಾರನೇ ದಿನ ಸಂಜೆ ಬಂತು. ಡಾಕ್ಟರ್ ಸಿಗುವ ಮೊದಲೇ ನಾನು ಓದಿದೆ. ಓದದೆ ಇರುವುದು ಯಾರಿಂದ ಸಾಧ್ಯ? ಎಡ ಕುತ್ತಿಗೆಯ ಗಂಟು 3.4 ಸೆಂಟಿಮೀಟರ್, ಹೊಳಪಿನ ಅಳತೆಯಾದ ಎಸ್‌ಯುವಿ 11.6. ಎಡಗಡೆ, ಗಂಟಲೊಳಗಿನ ಪೈರಿಫಾರ್ಮ್ ಫೋಸಾದಲ್ಲಿ 1.3 ಸೆಂಟಿಮೀಟರಿನ ಒಂದು ಜಾಗ, ಎಸ್‌ಯುವಿ 7.9, ಮೂಲ ಇದೇ ಇರಬಹುದು. ಅಷ್ಟು ಓದಿ ಕಣ್ಣು ತುಂಬಿತು. ಕೊನೆಗೂ ಒಂದು ಹೆಸರು ಸಿಕ್ಕಿತಲ್ಲ ಅಂತ. ಅದರ ಕೆಳಗಿನ ಸಾಲು ಓದಿದಾಗ ಕೈ ತಣ್ಣಗಾಯಿತು. ಎದೆಯ ನಡುವಿನ ಲಿಂಫ್ ನೋಡುಗಳಲ್ಲೂ (ದುಗ್ಧರಸ ಗ್ರಂಥಿಗಳು) ಹೊಳಪು, ಎಸ್‌ಯುವಿ 5.2, ಸೋಂಕೂ ಇರಬಹುದು, ಹರಡಿದ್ದೂ ಇರಬಹುದು, ಬಯಾಪ್ಸಿ ಮಾಡಿ ನೋಡಿ.

ಎಸ್‌ಯುವಿ ಅಂದರೆ ಆ ಜಾಗ ಎಷ್ಟು ಔಷಧಿ ಎಳೆದುಕೊಂಡಿತು ಅನ್ನುವ ಅಳತೆ. ಇಷ್ಟಕ್ಕಿಂತ ಜಾಸ್ತಿ ಇದ್ದರೆ ಕ್ಯಾನ್ಸರ್, ಕಡಿಮೆ ಇದ್ದರೆ ಅಲ್ಲ ಅಂತ ಗೆರೆ ಎಳೆಯಲು ಬರುವುದಿಲ್ಲ. ಮಿದುಳು ಯಾವಾಗಲೂ ಹೊಳೆಯುತ್ತದೆ. ಹೃದಯ ಹೊಳೆಯಬಹುದು. ಔಷಧಿ ಮೂತ್ರದಲ್ಲಿ ಹೊರಗೆ ಹೋಗುವುದರಿಂದ ಕಿಡ್ನಿ, ಮೂತ್ರಕೋಶ ಹೊಳೆಯುತ್ತವೆ. ಸೋಂಕು, ಗಾಯ, ಟಿಬಿ ಎಲ್ಲವೂ ಹೊಳೆಯುತ್ತವೆ. ಈ ವರದಿ ಓದಿ ರಾತ್ರಿಯಿಡೀ ಮೊಬೈಲಿನಲ್ಲಿ ಹುಡುಕುತ್ತಾ ಕೂರುವ ಮಕ್ಕಳಿಗೆ ನಾನು ಹೇಳುವುದು ಇದನ್ನೇ: ಸ್ಕ್ಯಾನ್ ಜಾಗ ತೋರಿಸುತ್ತದೆ, ಅದು ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಹೇಳುವುದು ಬಯಾಪ್ಸಿ.

ಸರ್ಜನ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಾವೇ ಓಡಿಸಿ ನೋಡಿದರು. ಅದಕ್ಕೇ ಸಿಡಿ ಬೇಕು ಅನ್ನುವುದು, ಪ್ರಿಂಟ್ ಹಾಕಿದ ಫಿಲಂ ಸಾಲುವುದಿಲ್ಲ. ಪೈರಿಫಾರ್ಮ್ ಫೋಸಾ ಅಂದರೆ ಧ್ವನಿಪೆಟ್ಟಿಗೆಯ ಪಕ್ಕದ ಒಂದು ಸಂದು. ಎಚ್ಚರವಿದ್ದಾಗ ಅದು ಮುಚ್ಚಿಕೊಂಡಿರುತ್ತದೆ, ಸ್ಕೋಪಿಗೆ ತಳ ಕಾಣುವುದು ಕಷ್ಟ. ಅರಿವಳಿಕೆ ಕೊಟ್ಟು ಬಿಡಿಸಿ ನೋಡಿದಾಗ ಆ ತಳದಲ್ಲೇ ಸಣ್ಣ ಹುಣ್ಣಿತ್ತು. ತುಣುಕು ತೆಗೆದರು. ಸ್ಕ್ಯಾನ್ ಜಾಗ ತೋರಿಸದಿದ್ದರೆ ಟಾನ್ಸಿಲ್ ತೆಗೆದು, ಇನ್ನೂ ಹಲವು ಕಡೆ ಅಂದಾಜಿನ ಮೇಲೆ ತುಣುಕು ತೆಗೆಯಬೇಕಾಗಿತ್ತು ಅಂದರು.

ಎದೆಯ ನೋಡುಗಳದ್ದೇ ದೊಡ್ಡ ಪ್ರಶ್ನೆ. ಅದೂ ಕ್ಯಾನ್ಸರ್ ಆಗಿದ್ದರೆ ಗುಣಪಡಿಸುವ ಮಾತು ಬಿಟ್ಟು, ನೋವು ಕಡಿಮೆ ಮಾಡಿ ದಿನ ಮುಂದೂಡುವ ಚಿಕಿತ್ಸೆ. ಅಲ್ಲವಾಗಿದ್ದರೆ ಪೂರ್ತಿ ಚಿಕಿತ್ಸೆ. ಎರಡೂ ದಾರಿ ಒಂದೇ ಸಾಲಿನ ಮೇಲೆ ನಿಂತಿದ್ದವು. ಇಬ್ಬರು ಡಾಕ್ಟರುಗಳಲ್ಲಿ ಒಬ್ಬರು "ಹರಡಿರಬಹುದು ಅಂತಲೇ ಕಾಣುತ್ತದೆ" ಅಂದರು. ಇನ್ನೊಬ್ಬರು ಫಾರ್ಮಿನಲ್ಲಿ ಬರೆಸಿದ್ದ ಹಳೆಯ ಟಿಬಿಯ ಸಾಲಿನ ಮೇಲೆ ಬೆರಳಿಟ್ಟು, "ನಮ್ಮ ದೇಶದಲ್ಲಿ ಇದನ್ನು ಪರೀಕ್ಷೆ ಮಾಡದೆ ಕ್ಯಾನ್ಸರ್ ಅನ್ನಬಾರದು" ಅಂದರು. ಶ್ವಾಸನಾಳದೊಳಗೆ ಸ್ಕೋಪ್ ಇಳಿಸಿ, ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಸೂಜಿಯಿಂದ ತೆಗೆಯುವ ಇಬಸ್ ಪರೀಕ್ಷೆ ಮಾಡಿಸಿದೆವು. ಮೂವತ್ತು ಸಾವಿರದ ಹತ್ತಿರ ಖರ್ಚಾಯಿತು. ಅಮ್ಮ ಕೈಯ ಬಳೆ ಅಡವಿಟ್ಟರು. ಅದಕ್ಕೆ ಯಾರ ಮಾತನ್ನೂ ಕೇಳಲಿಲ್ಲ.

ಆ ಫಲಿತಾಂಶಕ್ಕೆ ಕಾದಷ್ಟು ನಾನು ಯಾವುದಕ್ಕೂ ಕಾದಿಲ್ಲ. ಕ್ಲಾಸಿನಲ್ಲಿ ಲೆಕ್ಕ ಬರೆಯುತ್ತಾ ಅರ್ಧಕ್ಕೆ ನಿಂತುಬಿಡುತ್ತಿದ್ದೆ. ಮಕ್ಕಳು ಗಲಾಟೆ ಮಾಡದೆ ಕಾಯುತ್ತಿದ್ದರು, ಅವರಿಗೂ ಏನೋ ಗೊತ್ತಾಗಿತ್ತು ಅನಿಸುತ್ತದೆ. ತಮ್ಮ ಫೋನ್ ಮಾಡಿ ಓದಿ ಹೇಳಿದ: ಕ್ಯಾನ್ಸರ್ ಕಣ ಇಲ್ಲ, ಗ್ರ್ಯಾನ್ಯುಲೋಮ, ಅಂದರೆ ಉರಿಯೂತದಿಂದ ಆಗುವ ಸಣ್ಣ ಗಂಟು, ಇದೆ. ಹಳೆಯ ಟಿಬಿಯಲ್ಲಿ ಕಾಣುವಂಥದ್ದು. ಈಗ ಟಿಬಿ ಜೀವಂತ ಇದೆಯಾ ಅಂತ ಸಿಬಿನಾಟ್ ಪರೀಕ್ಷೆಯೂ ಮಾಡಿದ್ದರು, ನೆಗೆಟಿವ್. ಗಂಟಲಿನ ತುಣುಕಿನಲ್ಲಿ ಸ್ಕ್ವಾಮಸ್ ಕ್ಯಾನ್ಸರ್ ಇತ್ತು, ಕುತ್ತಿಗೆಯ ಗಂಟಿನದೇ ಬಗೆ. ಮೂಲ ಸಿಕ್ಕಿತು.

ಫೈಲಿನಲ್ಲಿ "ಸ್ಟೇಜ್ 4ಎ" ಅಂತ ಬರೆದಿದ್ದನ್ನು ನೋಡಿ ಅಮ್ಮ ಅಲ್ಲೇ ಕುಸಿದು ಕೂತರು. ನಾಲ್ಕು ಅಂದರೆ ಮುಗಿಯಿತು ಅಂತಲೇ ನಮ್ಮೆಲ್ಲರ ತಲೆಯಲ್ಲಿ ಇರುತ್ತದೆ. ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ಹಾಗಲ್ಲ. ಅಪ್ಪಯ್ಯನಂಥ ಕ್ಯಾನ್ಸರಿನಲ್ಲಿ ಮೂಲ ಸಣ್ಣದಿದ್ದರೂ ಕುತ್ತಿಗೆಯ ಗಂಟು ಮೂರು ಸೆಂಟಿಮೀಟರ್ ದಾಟಿ ಆರರೊಳಗಿದ್ದರೆ ಅದು 4ಎ, ಗುಣಪಡಿಸುವ ಗುರಿಯಿಂದಲೇ ಚಿಕಿತ್ಸೆ ಕೊಡುತ್ತಾರೆ. ದೂರದ ಅಂಗಗಳಿಗೆ ಹೋದರೆ 4ಸಿ. ಇಬಸ್ ಪರೀಕ್ಷೆ ಮಾಡಿಸದೆ ಇದ್ದಿದ್ದರೆ ಅಪ್ಪಯ್ಯನ ಫೈಲಿನಲ್ಲಿ ಆ 'ಸಿ' ಬರೆದಿರುತ್ತಿದ್ದರೇನೋ. ಇದನ್ನು ಯೋಚಿಸಿದರೆ ಇವತ್ತಿಗೂ ನಡುಕ ಬರುತ್ತದೆ.

ಚಿಕಿತ್ಸೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದೇ ಒಂದು ದೊಡ್ಡ ಕಥೆ. 35 ಸಿಟ್ಟಿಂಗ್ ರೇಡಿಯೇಶನ್, ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೀಮೋ. ಮೂಗಿನಿಂದ ಹಾಕಿದ ನಳಿಕೆಯಲ್ಲಿ ಗಂಜಿ. ಕಷ್ಟಪಟ್ಟರು. ಮೂಲ ಸಿಕ್ಕಿದ್ದರಿಂದ ಆದ ಲಾಭವನ್ನು ರೇಡಿಯೇಶನ್ ಡಾಕ್ಟರ್ ಚಿತ್ರ ಬರೆದು ತೋರಿಸಿದರು. ಸಿಗದಿದ್ದರೆ ಮೂಗಿನ ಹಿಂಭಾಗದಿಂದ ಗಂಟಲಿನ ಕೆಳಗಿನವರೆಗೆ ಅನುಮಾನ ಇರುವ ಜಾಗಕ್ಕೆಲ್ಲ ಕಿರಣ ಕೊಡಬೇಕಾಗುತ್ತಿತ್ತು. ಈಗ ಮೇಲಿನ ಭಾಗ ಎಷ್ಟೋ ಉಳಿಯಿತು. ಅಪ್ಪಯ್ಯನ ಬಾಯಿ ಒಣಗುತ್ತದೆ, ಆದರೆ ಪೂರ್ತಿ ಒಣಗಿಲ್ಲ. ಮೊಸರನ್ನ, ಮೆತ್ತಗಿನ ಕಡುಬು ನುಂಗುತ್ತಾರೆ. ಹೊಗೆಸೊಪ್ಪಿನ ಡಬ್ಬಿ ಅಮ್ಮನೇ ಎತ್ತಿ ಬಿಸಾಕಿದ್ದಾರೆ.

ರೇಡಿಯೇಶನ್ ಮುಗಿದು 12 ವಾರ ಆದ ಮೇಲೆ ಎರಡನೇ ಪೆಟ್. ಬೇಗ ಮಾಡಿಸಿದರೆ ಚಿಕಿತ್ಸೆಯ ಉರಿಯೇ ಹೊಳೆದು ದಾರಿ ತಪ್ಪಿಸುತ್ತದೆ, ಅದಕ್ಕೆ ಅಷ್ಟು ಕಾಯಿಸುತ್ತಾರೆ. ಈ ಸಲ ಸಕ್ಕರೆ, ಉಳಿಯುವ ಜಾಗ, ಕಾಗದ ಎಲ್ಲ ಮೊದಲೇ ಸಿದ್ಧವಿತ್ತು. ಅದೇ ಸೆಂಟರಿನಲ್ಲೇ ಮಾಡಿಸಿದೆವು, ಹಳೆಯದರ ಜೊತೆ ಹೋಲಿಸಲು ಅನುಕೂಲ. ಪೈರಿಫಾರ್ಮ್ ಫೋಸಾದಲ್ಲಿ ಹೊಳಪಿಲ್ಲ, ಕುತ್ತಿಗೆಯಲ್ಲೂ ಇಲ್ಲ. ಎದೆಯ ನೋಡುಗಳು ಮಾತ್ರ ಮೊದಲಿನಷ್ಟೇ ಹೊಳೆಯುತ್ತಿದ್ದವು. ವರದಿ ಬರೆದವರು ಮತ್ತೆ "ಹರಡಿರುವ ಸಾಧ್ಯತೆ ನೋಡಿ" ಅಂತ ಸೇರಿಸಿದ್ದರು. ಸರ್ಜನ್ ಇಬಸ್ ವರದಿ ಪಕ್ಕದಲ್ಲಿಟ್ಟು ಓದಿ, "ಇದು ಅದೇ ಹಳೆಯದು, ಬದಲಾಗಿಲ್ಲ" ಅಂದರು. ಆ ವರದಿಯ ಜೆರಾಕ್ಸ್ ಈಗ ಫೈಲಿನ ಮೊದಲ ಹಾಳೆ. ಮುಂದೆ ಯಾವ ಡಾಕ್ಟರ್ ಸ್ಕ್ಯಾನ್ ನೋಡಿದರೂ ಮೊದಲು ಅದನ್ನು ಕೊಡುತ್ತೇವೆ. ಇನ್ನು ಸದ್ಯಕ್ಕೆ ಒಂದೆರಡು ತಿಂಗಳಿಗೊಮ್ಮೆ ಸ್ಕೋಪ್ ತಪಾಸಣೆ ಇದೆ, ಮುಂದಿನದು ದೀಪಾವಳಿ ಕಳೆದ ಮೇಲೆ.